ಮಳೆಯೂ ಬೇಕು, ಹೊಳವೂ ಬೇಕು

ಎಂಥ ಹವೆ ನಿಮಗೆ ಇಷ್ಟ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಸುಡುವ ಬಿಸಿಲಿಲ್ಲದ, ಕೊರೆಯುವ ಚಳಿಯಿಲ್ಲದ, ಸಂಜೆ ಒಂದು ಹದವಾದ ಮಳೆ ಸುರಿದು ಬೆಳಗಾಗುವಷ್ಟರಲ್ಲಿ ರಸ್ತೆ ಒಣಗಿರುವ ಹವೆ ಎಂಬ ಉತ್ತರ ಬರುತ್ತದೆ. ವರ್ಷವಿಡೀ ಒಂದೇ ಬಗೆಯ ಹಿತ, ಅಷ್ಟೇ. ಆ ಹಿತವೇ ಈ ನಗರದ ಹೆಮ್ಮೆಯೂ ಆಗಿತ್ತು; ಫ್ಯಾನುಗಳೇ ಇಲ್ಲದ ಮನೆಗಳ ಕಾಲವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2024ರ ಏಪ್ರಿಲ್ ಕೊನೆಯಲ್ಲಿ ಇಲ್ಲಿನ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನಗರ ಕಳೆದುಕೊಂಡದ್ದು ಆ ಹೆಮ್ಮೆಯನ್ನೇ.

ಇದೇ ಪ್ರಶ್ನೆಯನ್ನು ನರಸಿಂಹರಾಜಪುರದಲ್ಲಿ ಕೇಳಿದರೆ, ಉತ್ತರದ ಬದಲು ‘ಯಾವ ತಿಂಗಳಲ್ಲಿ?’ ಎಂಬ ಮರುಪ್ರಶ್ನೆ ಬರುತ್ತದೆ. ಮಲೆನಾಡಿನವರಿಗೆ ಒಳ್ಳೆಯ ಹವೆ ಎಂಬುದು ಒಂದು ಉಷ್ಣಾಂಶದ ಹೆಸರಲ್ಲ, ಅದೊಂದು ಅನುಕ್ರಮ. ಜುಲೈನಲ್ಲಿ ಪ್ರಾಣದಷ್ಟು ಪ್ರಿಯವಾದ ಮಳೆ ನವೆಂಬರಿನಲ್ಲಿ ಶತ್ರು. ಫೆಬ್ರವರಿಯಲ್ಲಿ ಬೇಕಾದ ಬಿಸಿಲು ಜೂನ್ ಕಳೆದ ಮೇಲೆ ಅಪಶಕುನ. ನನ್ನ ಆದರ್ಶದ ಹವೆ ಯಾವುದು ಎಂದು ಯೋಚಿಸಿದಾಗಲೆಲ್ಲ ನನಗೂ ಈ ಮರುಪ್ರಶ್ನೆಯೇ ಸರಿಯೆನಿಸುತ್ತದೆ.

ಎಡೇಹಳ್ಳಿ ಎಂಬುದು ಇದರ ಹಳೆಯ ಹೆಸರು. ಮಲೆನಾಡು ಬಯಲುಸೀಮೆಯ ಕಡೆಗೆ ಇಳಿಯುವ ಮೆಟ್ಟಿಲಿನ ಮೇಲೆ ಈ ಊರಿದೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟವನ್ನೇರುವಾಗ ತಣಿದು ತನ್ನ ಹೊರೆಯ ಬಹುಪಾಲನ್ನು ಅಲ್ಲೇ ಇಳಿಸುತ್ತದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂದು ಪೂರ್ವಕ್ಕೆ ಸಾಗಿದಂತೆ ಉಳಿಯುವುದು ಮಿಕ್ಕ ಪಾಲು. ಹೀಗಾಗಿ ಒಂದೆರಡು ತಾಸಿನ ಬಸ್ ಪ್ರಯಾಣದಲ್ಲೇ ಮಳೆಯ ಹಲವು ಸೀಮೆಗಳನ್ನು ದಾಟಬಹುದು. ಒಂದೂರಿನಲ್ಲಿ ಸಾಕಾದ ಮಳೆ ಇನ್ನೊಂದೂರಿನಲ್ಲಿ ಸಾಲದು ಎನ್ನುವ ಮಾತು ಇಲ್ಲಿ ದಿನನಿತ್ಯದ ಸಂಗತಿ.

ನನ್ನ ಇಷ್ಟದ ವರ್ಷ ಆರಂಭವಾಗುವುದು ಯುಗಾದಿಗಿಂತ ಕೊಂಚ ಮೊದಲು, ಹೂಮಳೆಯಿಂದ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವೆ ರೊಬಸ್ಟಾ ಕಾಫಿಗೂ, ಅದಾದ ಕೆಲವು ವಾರಗಳಿಗೆ ಅರೇಬಿಕಾಗೂ ಒಂದೊಂದು ಒಳ್ಳೆಯ ಮಳೆ ಬೇಕು. ಅದಕ್ಕೆ ಮುನ್ನ ಗಿಡಗಳು ಕೆಲವು ವಾರ ಬಾಯಾರಿ ನಿಂತಿರಬೇಕು. ಆಗಷ್ಟೇ ಮೊಗ್ಗುಗಳೆಲ್ಲ ಒಟ್ಟಿಗೆ ಬಿರಿಯುತ್ತವೆ. ಮಳೆಯಾದ ಎಂಟು ಹತ್ತು ದಿನಗಳಿಗೆ ತೋಟವೆಲ್ಲ ಮಲ್ಲಿಗೆ ಸುರಿದಂತೆ ಬೆಳ್ಳಗಾಗುತ್ತದೆ. ಅರಳಿದ ದಿನ ಮಾತ್ರ ಮಳೆ ಬರಕೂಡದು, ಬಂದರೆ ಪರಾಗ ತೊಳೆದುಹೋಗುತ್ತದೆ. ಎರಡು ಮೂರು ವಾರ ಬಿಟ್ಟು, ಕಚ್ಚಿದ ಮಿಡಿ ನಿಲ್ಲಲು ಮತ್ತೊಂದು ಮಳೆ ಬೇಕು. ಇದೇ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾಗಿ, ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿರುವ ಪ್ರಯೋಗ ಕೇಂದ್ರಕ್ಕೆ ನೂರು ವರ್ಷ ತುಂಬಿದೆ. ಅಷ್ಟು ಕಾಲದ ವಿಜ್ಞಾನವೂ ಈ ಎರಡು ಮಳೆಗಳಿಗೆ ಬದಲಿಯಾಗಿ ಕಂಡುಕೊಂಡದ್ದು ತುಂತುರು ನೀರಾವರಿಯನ್ನು. ಅದು ಹೊಳೆಯೋ ಕೆರೆಯೋ ಇರುವ ತೋಟಗಳಿಗೆ ಮಾತ್ರ ಸಾಧ್ಯ.

ಏಪ್ರಿಲ್, ಮೇ ತಿಂಗಳುಗಳ ಸಂಜೆಯ ಗುಡುಗುಮಳೆ ನನಗೆ ಇಷ್ಟ. ಆದರೆ ಆಲಿಕಲ್ಲು ಬೇಡ. ಉಪ್ಪಿನಕಾಯಿಗೆಂದು ಕಾಯ್ದಿರಿಸಿದ ಮಾವಿನ ಮಿಡಿ ಒಂದೇ ಹೊಡೆತಕ್ಕೆ ನೆಲ ಕಾಣುತ್ತದೆ. ಬೇಸಿಗೆ ತೀರ ಉದ್ದವಾಗುವುದೂ ಬೇಡ. ಅದಕ್ಕೆ ಸೆಕೆಗಿಂತ ದೊಡ್ಡ ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇತ್ತೀಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡು ಜೀವಗಳನ್ನು ಬಲಿ ಪಡೆದಿದೆ. ಅದನ್ನು ಹರಡುವ ಉಣ್ಣೆಗಳ ಹಾವಳಿ ಒಣಗಾಲದಲ್ಲೇ ಹೆಚ್ಚು. ಮಳೆ ಹಿಡಿದ ಮೇಲೆ ಅದು ತಗ್ಗುತ್ತದೆ. ಸೊಪ್ಪು, ತರಗು ತರಲು ದಿನವೂ ಕಾಡಿಗೆ ಹೋಗುವವರ ಮನೆಯಲ್ಲಿ ಮುಂಗಾರಿಗಾಗಿ ಕಾಯುವುದರ ಅರ್ಥವೇ ಬೇರೆ.

ಮುಂಗಾರು ಮೃಗಶಿರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ ಬರಬೇಕು. ಅದಕ್ಕೂ ಮೊದಲೇ ಅಡಿಕೆಯ ಗೊನೆಗಳಿಗೆ ಮೊದಲ ಸುತ್ತಿನ ಬೋರ್ಡೋ ದ್ರಾವಣದ ಸಿಂಪಡಣೆ ಮುಗಿದಿರಬೇಕು. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ಸುಮಾರಿಗೆ ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣವನ್ನು ಮಲೆನಾಡಿನ ತೋಟಗಳಿಗೆ ಪರಿಚಯಿಸಿದರು. ಶತಮಾನ ಕಳೆದರೂ ಇಂದಿಗೂ ಅದೇ ಆಸರೆ. ಮದ್ದಿನ ಪ್ರಭಾವ ನಲವತ್ತು ನಲವತ್ತೈದು ದಿನ ಮಾತ್ರ. ಆಮೇಲೆ ಎರಡನೆಯ ಸುತ್ತು ಆಗಲೇಬೇಕು. ಆ ಲೆಕ್ಕ ಬಂದು ನಿಲ್ಲುವುದು ಜುಲೈ ನಡುವಿನಲ್ಲಿ, ಅಂದರೆ ಪುನರ್ವಸು, ಪುಷ್ಯ ಮಳೆಗಳ ಅಬ್ಬರದಲ್ಲಿ.

ಜಡಿಮಳೆಯ ನಡುವೆ ಆಕಾಶ ತುಸು ಬೆಳ್ಳಗಾಗಿ, ಹನಿ ನಿಂತು, ಎಲೆಗಳ ನೀರು ಆರುವ ಅವಧಿಗೆ ಮಲೆನಾಡಿಗರು ‘ಹೊಳವು’ ಎನ್ನುತ್ತಾರೆ. ನಗರದವರ ಕಣ್ಣಿಗೆ ಅದು ಮಳೆಯಿಲ್ಲದ ಒಂದು ಸಾಧಾರಣ ದಿನ. ತೋಟದವರ ಪಾಲಿಗೆ ವರ್ಷದ ಗಳಿಕೆಯೆಲ್ಲ ಅದರಲ್ಲಿದೆ. ಪಾಚಿಗಟ್ಟಿದ ಮರವೇರುವುದು ಮಳೆಯಲ್ಲಿ ಅಪಾಯ. ಹನಿಯುವ ಗೊನೆಗೆ ಹೊಡೆದ ಮದ್ದು ಅಂಟದೆ ಹರಿದುಹೋಗುತ್ತದೆ. ಉದ್ದನೆಯ ದೋಟಿಗಳು ಬಂದು ಮರವೇರುವ ಕಷ್ಟ ಕೆಲವೆಡೆ ತಪ್ಪಿದ್ದರೂ ಹೊಳವಿನ ಅಗತ್ಯ ತಪ್ಪಿಲ್ಲ. ಜುಲೈನಲ್ಲಿ ನಾನು ಬಯಸುವುದು ಕಡಿಮೆ ಮಳೆಯನ್ನಲ್ಲ. ಗದ್ದೆ ತುಂಬಬೇಕು, ಭದ್ರಾ ಹೊಳೆ ಕೆಂಪಗೆ ಹರಿಯಬೇಕು, ಕಾಳುಮೆಣಸಿನ ಗೆರೆಗಳು ಕಾಳು ಕಚ್ಚಲು ಬಿಡದೆ ಹನಿಯುತ್ತಿರಬೇಕು. ಆದರೆ ನಡುವೆ ಎರಡೋ ಮೂರೋ ದಿನ ಹೊಳವು ಕೊಡಬೇಕು.

ಮಘೆ ಮಳೆ ಮುಗಿದ ಮೇಲೆ ಅಬ್ಬರ ಇಳಿಯಬೇಕು. ಕಳಲೆ, ಅಣಬೆ, ಕೆಸುವಿನೆಲೆಯ ಪತ್ರೊಡೆಗಳ ಕಾಲ ಸರಿದು ಗೌರಿ ಗಣೇಶ ಬರುವಾಗ ಬಿಸಿಲು ಮಳೆ ಸರಿಪಾಲಾದ ಹವೆ ಬೇಕು. ಅಶ್ವಯುಜದ ಭೂಮಿ ಹುಣ್ಣಿಮೆಯಂದು, ಹೊಡೆ ತುಂಬಿದ ಬತ್ತದ ಗದ್ದೆಗೆ ಬಸುರಿಗೆ ಬಯಕೆ ಬಡಿಸಿದಂತೆ ಎಡೆಯಿಡುವಾಗ ನೆಲ ತೇವವಿದ್ದು ಗಾಳಿ ಶಾಂತವಿರಬೇಕು. ಆಮೇಲೆ ಆಕಾಶ ಬಾಗಿಲು ಹಾಕಿಕೊಳ್ಳಬೇಕು. ಕೊಯ್ದ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು ಹಾಕಿ ಹರವಿದ ಮೇಲೆ ವಾರದಷ್ಟು ಒಳ್ಳೆಯ ಬಿಸಿಲು ಸಿಕ್ಕರಷ್ಟೇ ಬಣ್ಣ, ಬಣ್ಣವಿದ್ದರಷ್ಟೇ ಬೆಲೆ. ಕಾಫಿ ಹಣ್ಣಿಗೂ ಕಣದಲ್ಲಿ ಅದೇ ಬಿಸಿಲು ಬೇಕು. ಡಿಸೆಂಬರ್, ಜನವರಿಗಳಲ್ಲಿ ಭದ್ರಾ ಹಿನ್ನೀರಿನ ಮೇಲೆ ಎದ್ದ ಮಂಜು ಒಂಬತ್ತು ಗಂಟೆಯವರೆಗೂ ಕರಗದಿದ್ದರೆ, ಬಚ್ಚಲೊಲೆಯ ಮುಂದಿನ ಜಾಗಕ್ಕೆ ಮನೆಯವರೆಲ್ಲ ಪೈಪೋಟಿ ನಡೆಸಿದರೆ, ನನ್ನ ವರ್ಷ ಪೂರ್ಣವಾದಂತೆ.

ಇದು ಒಬ್ಬನ ಇಷ್ಟಾನಿಷ್ಟಗಳ ಪಟ್ಟಿಯಂತೆ ಕಂಡೀತು. ಆದರೆ ಇದರಲ್ಲಿನ ಒಂದೊಂದು ಇಷ್ಟವೂ ಯಾವುದೋ ಗಿಡದ, ಯಾರದೋ ದುಡಿಮೆಯ ಅಗತ್ಯದಿಂದ ಹುಟ್ಟಿದ್ದು. ಈ ಅಗತ್ಯಗಳು ಪರಸ್ಪರ ಹೊಂದಿಕೊಳ್ಳುವುದೂ ಇಲ್ಲ. ಅಡಿಕೆಯವರು ಹೊಳವು ಬೇಡುವ ದಿನವೇ ನಾಟಿ ಹಾಕುವವರು ಮಳೆ ಬೇಡುತ್ತಾರೆ. 1960ರ ದಶಕದಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 186 ಅಡಿ ತುಂಬಲಿ ಎಂದು ದಾವಣಗೆರೆಯ ಬತ್ತದ ರೈತರು ಕಳಸ, ಕುದುರೆಮುಖದ ಕಡೆಯ ಮೋಡಗಳತ್ತ ಕಣ್ಣಿಟ್ಟಿರುತ್ತಾರೆ. ಅದೇ ಮೋಡಗಳು ಇನ್ನು ಸಾಕು ಎಂದು ಇಲ್ಲಿನ ತೋಟದವರು ಕೈಮುಗಿಯುತ್ತಿರುತ್ತಾರೆ. ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಲಿ ಎಂದೂ ಪೂಜೆ ಸಲ್ಲುತ್ತದೆ, ಮಳೆ ನಿಲ್ಲಲಿ ಎಂದೂ ಸಲ್ಲುತ್ತದೆ. ಹೆಚ್ಚು ಕಡಿಮೆಗಳ ಆಚೆ, ಕಾಲಕ್ಕೆ ತಕ್ಕಷ್ಟು ಎಂಬುದೇ ಈ ನಾಡಿನ ಪ್ರಾರ್ಥನೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಅನುಕ್ರಮವೇ ಈಗ ಸಡಿಲಗೊಳ್ಳುತ್ತಿದೆ. 2021ರ ನವೆಂಬರಿನಲ್ಲಿ ರಾಜ್ಯದ ಬಹುಭಾಗದಲ್ಲಿ ಮಳೆ ಬಿಡದೆ ಸುರಿಯಿತು; ಕಣದಲ್ಲಿದ್ದ ಕಾಫಿ, ಅಡಿಕೆಗಳಿಗೆ ಬಿಸಿಲು ದಕ್ಕಲಿಲ್ಲ. 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳಕ್ಕೆ ಕಾಲಿಟ್ಟಿತು. 2009ರ ನಂತರ ಅದು ಅಷ್ಟು ಬೇಗ ಬಂದಿರಲಿಲ್ಲ. ಮಳೆ ಬೇಗ ಬಂದರೆ ಸಂತೋಷವಲ್ಲವೇ ಎಂದು ಕೇಳಬಹುದು. ಮದ್ದು ಹೊಡೆಯುವ ಮೊದಲೇ ಮಳೆ ಹಿಡಿದರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆ ಎಂಬುದು ಅದಕ್ಕೆ ಉತ್ತರ. ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗ, ಈಚೆಗೆ ವ್ಯಾಪಿಸಿದ ಎಲೆಚುಕ್ಕಿ ರೋಗಗಳಿಂದ ಮೊದಲೇ ಸೊರಗಿದ ತೋಟಗಳಿಗೆ ಇದು ಮತ್ತೊಂದು ಪೆಟ್ಟು.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಶೇ 7ರಷ್ಟು ಹೆಚ್ಚುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಮಧ್ಯಭಾರತದ ಪಟ್ಟಿಯಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂಥ ಸ್ಥಿತಿಯಲ್ಲಿ ‘ವಾಡಿಕೆಯ ಮಳೆ’ ಎಂಬ ಮಾತು ರೈತನಿಗೆ ಏನನ್ನೂ ಹೇಳುವುದಿಲ್ಲ. ತಿಂಗಳಿಡೀ ಹನಿದು ಬಂದ 600 ಮಿಲಿಮೀಟರಿಗೂ, ಹತ್ತೇ ದಿನದಲ್ಲಿ ಸುರಿದುಹೋದ 600 ಮಿಲಿಮೀಟರಿಗೂ ಮಾಸಿಕ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ, ತೋಟದಲ್ಲಿ ಇದೆ.

ಸರ್ಕಾರದ ಬಳಿಯೂ ಒಳ್ಳೆಯ ಹವೆಯ ಒಂದು ವ್ಯಾಖ್ಯೆ ಇದೆ. ಅಡಿಕೆ, ಕಾಳುಮೆಣಸುಗಳಿಗೆ ಅನ್ವಯಿಸುವ ಹವಾಮಾನ ಆಧಾರಿತ ಬೆಳೆ ವಿಮೆ, ಯಾವ ಅವಧಿಯಲ್ಲಿ ಎಷ್ಟು ಮಳೆ ಮೀರಿದರೆ ಅಥವಾ ತಗ್ಗಿದರೆ ಪರಿಹಾರ ಎಂಬುದನ್ನು ಅಂಕಿಗಳಲ್ಲಿ ನಿಗದಿ ಮಾಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿರುವುದು ನಿಜಕ್ಕೂ ಮೆಚ್ಚುವ ಕೆಲಸ. ಆದರೆ ಒಂದೇ ಪಂಚಾಯಿತಿಯೊಳಗೆ ಗುಡ್ಡದ ಆ ಬದಿಗೊಂದು, ಈ ಬದಿಗೊಂದು ಮಳೆ ಸುರಿಯುವ ಸೀಮೆಯಲ್ಲಿ ಒಂದು ಮಾಪಕ ಎಲ್ಲರ ನಷ್ಟವನ್ನು ಹೇಳಲಾರದು. ಸತತ ಎಷ್ಟು ದಿನ ಹೊಳವಿಲ್ಲದೆ ಸುರಿಯಿತು ಎಂಬ ಲೆಕ್ಕಕ್ಕೆ ಒಟ್ಟು ಮಿಲಿಮೀಟರುಗಳಷ್ಟೇ ತೂಕ ಸಿಗಬೇಕು.

ಮುನ್ಸೂಚನೆಯ ಭಾಷೆಯೂ ಬದಲಾಗಬೇಕಿದೆ. ಮಳೆಗಾಲದಲ್ಲಿ ನಮಗೆ ತಲುಪುವುದು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು. ಜೀವರಕ್ಷಣೆಗೆ, ಶಾಲೆಗೆ ರಜೆ ಕೊಡುವುದಕ್ಕೆ ಅವು ಬೇಕೇ ಬೇಕು. ಅದೇ ಉಪಗ್ರಹ, ಅದೇ ಮಾದರಿಗಳಿಂದ ಮುಂದಿನ ನಾಲ್ಕೈದು ದಿನಗಳಲ್ಲಿ ಮಳೆ ಬಿಡುವು ಕೊಡುವುದು ಯಾವಾಗ ಎಂಬುದನ್ನೂ ಅಂದಾಜು ಮಾಡಬಹುದು. ಜುಲೈನಲ್ಲಿ ಹೋಬಳಿಗೊಂದರಂತೆ ‘ಹೊಳವಿನ ಮುನ್ಸೂಚನೆ’ ಹೊರಟರೆ, ಆಳುಗಳನ್ನು ಗೊತ್ತುಮಾಡಿ ಮದ್ದು ಕಲಸಿಟ್ಟುಕೊಳ್ಳಲು ಅಡಿಕೆ ಬೆಳೆಗಾರನಿಗೆ ಒಂದು ದಿನ ಮೊದಲೇ ಅವಕಾಶ ಸಿಗುತ್ತದೆ. ಅದಕ್ಕೆ ಹೊಸ ಕಚೇರಿಯೇನೂ ಬೇಕಾಗದು.

ಹವೆಯನ್ನು ನಮಗೆ ಬೇಕಾದಂತೆ ಆಯ್ದುಕೊಳ್ಳಲು ಬರುವುದಿಲ್ಲ. ಆದರೂ ಇಷ್ಟದ ಹವೆ ಯಾವುದೆಂದು ತಿಳಿದಿರುವುದು ಒಳ್ಳೆಯದು. ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ಆಗಷ್ಟೇ ಗೊತ್ತಾಗುತ್ತದೆ. ವರ್ಷವಿಡೀ ಹಿತವಾಗಿರುವ ಹವೆಯನ್ನು ನರಸಿಂಹರಾಜಪುರ ಎಂದೂ ಕೇಳಿದ್ದಿಲ್ಲ. ಮಳೆಗಾಲದಲ್ಲಿ ಇಂಬಳ ಕಚ್ಚಿದರೂ, ಹಾಸಿಗೆ ಬಟ್ಟೆಯೆಲ್ಲ ಮುಗ್ಗುಲು ಹಿಡಿದರೂ, ವಾರಗಟ್ಟಲೆ ಕರೆಂಟು ಹೋದರೂ ಅದು ಮಳೆಯನ್ನು ದೂರಿದ್ದಿಲ್ಲ. ಅದು ಕೇಳುವುದು ಮಾರ್ಚಿನಲ್ಲಿ ಎರಡು ಮಳೆ, ಜುಲೈನಲ್ಲಿ ಮೂರು ದಿನದ ಹೊಳವು, ನವೆಂಬರಿನಲ್ಲಿ ಒಂದು ತಿಂಗಳ ಬಿಸಿಲು. ನನ್ನ ಬೇಡಿಕೆಯೂ ಅಷ್ಟೇ.