ತರುಣಾಭ್ಯುದಯ ಶಾಸ್ತ್ರವೂ ಶಿವಾರಪಟ್ಟಣದ ಶಿಲ್ಪಶಾಲೆಯೂ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಶಿವಾರಪಟ್ಟಣವು ಶಿಲ್ಪಿಗಳ ಗ್ರಾಮವೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿರುವುದಷ್ಟೆ. ಕಲ್ಲಿನ ವಿಗ್ರಹಗಳೂ ಪಂಚಲೋಹದ ವಿಗ್ರಹಗಳೂ ಅಲ್ಲಿ ಸಿದ್ಧವಾಗಿ ದೂರದ ದೇವಾಲಯಗಳಿಗೆ ಹೋಗುತ್ತವೆ. ಪ್ರಕೃತ ಲೇಖನದ ವಿಷಯವು ಆ ವಿಗ್ರಹಗಳಲ್ಲ. ಅವುಗಳೊಡನೆ ಅದೇ ಶಾಲೆಯಲ್ಲಿ ರೂಪುಗೊಳ್ಳುವ ತರುಣನು. ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಬೆಳೆದು, ಅಂತರ್ಜಾಲದ ಮೂಲಕ ಸ್ನಾತಕೋತ್ತರ ತರಗತಿಗಳಲ್ಲಿಯೂ ಬೋಧಿಸಲ್ಪಡುತ್ತಿರುವ ತರುಣಾಭ್ಯುದಯ ಶಾಸ್ತ್ರವನ್ನು ಇಂತಹ ಊರಿನಲ್ಲಿದ್ದುಕೊಂಡು ಓದುವವನಿಗೆ ಏನು ದೊರೆಯುವುದು, ಏನು ದೊರೆಯದು ಎಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

ಮೊದಲು ಆ ಶಾಸ್ತ್ರದ ಸ್ವರೂಪ. ತಾರುಣ್ಯವು ಬಿರುಗಾಳಿಯ ಕಾಲವೆಂದು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರಲ್ಲಿ ಬಹುಕಾಲ ಒಂದು ಭಾವನೆಯಿತ್ತು. ೧೯೦೪ರಲ್ಲಿ ಅಮೇರಿಕದ ಸ್ಟಾನ್ಲಿ ಹಾಲ್ ಎಂಬ ವಿದ್ವಾಂಸರು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥವು ಅದಕ್ಕೆ ಶಾಸ್ತ್ರದ ಬಲವನ್ನು ಕೊಟ್ಟಿತು. ತರುಣರಲ್ಲಿ ಕಾಣುವ ದೋಷಗಳನ್ನು ಎಣಿಸಿ, ಒಂದೊಂದಕ್ಕೂ ಪ್ರತೀಕಾರವನ್ನು ಹುಡುಕುವುದೇ ಅಧ್ಯಯನವೆನಿಸಿತು. ಆದರೆ ಜ್ವರವಿಲ್ಲದಿರುವುದೊಂದೇ ಆರೋಗ್ಯವಲ್ಲ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷಸಾಮ್ಯದೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾನೆ. ಇದೇ ನ್ಯಾಯವನ್ನು ೧೯೯೦ರ ದಶಕದಲ್ಲಿ ಅಮೇರಿಕದ ಹೊಸ ವಿದ್ವಾಂಸರು ತರುಣರಿಗೆ ಅನ್ವಯಿಸಿದರು. ಪೀಟರ್ ಬೆನ್ಸನ್ನರು ತರುಣನ ಬೆಳವಣಿಗೆಗೆ ಬೇಕಾದ ೪೦ ಆಧಾರಗಳನ್ನು ಗಣಿಸಿದರು. ಟಫ್ಟ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಲರ್ನರರು ೨೦೦೨ರಲ್ಲಿ ಆರಂಭಿಸಿದ ದೀರ್ಘ ಸಮೀಕ್ಷೆಯು ೪೨ ಸಂಸ್ಥಾನಗಳ ಸುಮಾರು ೭,೦೦೦ ಮಂದಿ ಬಾಲಕ ಬಾಲಕಿಯರನ್ನು ಒಳಗೊಂಡಿತು. ಸಾಮರ್ಥ್ಯ, ಆತ್ಮಪ್ರತ್ಯಯ, ಬಾಂಧವ್ಯ, ಶೀಲ, ಅನುಕಂಪೆ ಎಂಬ ಐದು ಗುಣಗಳು ಕೂಡಿದಲ್ಲಿ, ತನ್ನ ಜನಕ್ಕೆ ಉಪಯುಕ್ತನಾಗುವುದೆಂಬ ಆರನೆಯದು ಫಲಿಸುವುದೆಂದು ಅವರ ಮತ. ಇವು ಬೆಳೆಯುವುದಕ್ಕೆ ಮೂರು ನಿಮಿತ್ತಗಳನ್ನೂ ಅವರು ಹೇಳುತ್ತಾರೆ: ದೀರ್ಘಕಾಲ ನಿಲ್ಲುವ ಹಿರಿಯನೊಬ್ಬನ ಸಂಬಂಧ, ಜೀವನಕ್ಕೆ ಒದಗುವ ಕೌಶಲದ ಅಭ್ಯಾಸ, ನಿಜವಾದ ಹೊಣೆಯನ್ನು ಹೊರುವ ಅವಕಾಶ.

ಈ ಮೂರೂ ಒಂದೇ ಸೂರಿನ ಕೆಳಗೆ ಎಲ್ಲಿವೆ ಎಂದು ಹುಡುಕುವವನು ಶಿಲ್ಪಶಾಲೆಯನ್ನು ನೋಡಬೇಕು. ಅಲ್ಲಿ ಹೊಸಬನಿಗೆ ಮೊದಲು ದೊರೆಯುವುದು ಉಳಿಗಳನ್ನು ಹದಗೊಳಿಸುವ, ಕಲ್ಲನ್ನು ಒರಟಾಗಿ ಬಿಡಿಸುವ, ಉಜ್ಜಿ ನಯಮಾಡುವ ಕೆಲಸ. ಬಳಿಕ ಪೀಠ, ಪ್ರಭಾವಳಿ, ಆಭರಣಗಳು. ಎಲ್ಲಕ್ಕಿಂತ ಕೊನೆಗೆ ಮುಖ. ಕಣ್ಣು ತೆರೆಯುವುದು ಪ್ರಧಾನ ಶಿಲ್ಪಿಯ ಅಧಿಕಾರ. ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ೧೨ ಅಂಗುಲಗಳಾಗಿ ಭಾಗಿಸಿದರೆ ನವತಾಳದ ವಿಗ್ರಹಕ್ಕೆ ೧೦೮ ಅಂಗುಲ. ಉತ್ತಮ ದಶತಾಳಕ್ಕೆ ೧೨೪ ಅಂಗುಲ. ಈ ಗಣಿತವನ್ನು ತರುಣನು ಹಲಗೆಯ ಮೇಲಲ್ಲ, ಬೆಲೆಯುಳ್ಳ ಕಲ್ಲಿನ ಮೇಲೆ ಮಾಡಿ ತೋರಿಸತಕ್ಕದ್ದು.

ಕಲ್ಲಿಗೂ ಲೋಹಕ್ಕೂ ಇಲ್ಲಿ ಒಂದು ಭೇದವುಂಟು. ಅದು ಶಿಕ್ಷಣಶಾಸ್ತ್ರಜ್ಞರು ಗಮನಿಸತಕ್ಕದ್ದು. ಎರಕದ ಕೆಲಸದಲ್ಲಿ ಮೊದಲು ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣಿನ ಲೇಪವನ್ನು ಕೊಟ್ಟು, ಕಾಯಿಸಿ ಮೇಣವನ್ನು ಕರಗಿಸಿ ಹೊರಗೆ ತೆಗೆದು, ಆ ಬಯಲಿಗೆ ಲೋಹವನ್ನು ಹೊಯ್ಯುತ್ತಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ೧೨ನೆಯ ಶತಮಾನದಲ್ಲಿಯೇ ಈ ವಿಧಾನವು ವರ್ಣಿತವಾಗಿದೆ. ಮೇಣದಲ್ಲಿ ತಪ್ಪಿದ ಬೆರಳನ್ನು ಹತ್ತು ಸಲ ತಿದ್ದಬಹುದು; ಕಲ್ಲಿನಲ್ಲಿ ಹಾರಿದ ಮೂಗನ್ನು ಮರಳಿ ತರಲಾಗದು. ಆದುದರಿಂದ ಮೇಣದ ಕೆಲಸದಲ್ಲಿ ಗುರುವು ಶಿಷ್ಯನನ್ನು ಅವನ ಪಾಡಿಗೆ ಬಿಡಬಹುದು. ಕಲ್ಲಿನ ಕೆಲಸದಲ್ಲಿ ಪಕ್ಕದಲ್ಲಿಯೇ ಇರಬೇಕು. ಎಷ್ಟು ಸ್ವಾತಂತ್ರ್ಯ, ಎಷ್ಟು ಕಾವಲು ಎಂಬ ಪ್ರಶ್ನೆಗೆ ಉತ್ತರವು ದ್ರವ್ಯದಿಂದಲೇ ದೊರೆಯುತ್ತದೆ. ಇಷ್ಟು ಸ್ಪಷ್ಟವಾದ ನಿದರ್ಶನವು ಪಾಠಪುಸ್ತಕದಲ್ಲಿ ಸಿಕ್ಕುವುದು ದುರ್ಲಭವೆಂದು ನಮ್ಮ ಅಭಿಪ್ರಾಯ.

ಇದು ಬರಿಯ ರೂಢಿಯೂ ಅಲ್ಲ. ನಾರದಸ್ಮೃತಿಯು ಶಿಲ್ಪವನ್ನು ಕಲಿಯಬರುವ ಅಂತೇವಾಸಿಗೆ ಕಾಲವನ್ನು ಮೊದಲೇ ನಿಶ್ಚಯಿಸಬೇಕೆಂದೂ, ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿ ಅನ್ನವಿಕ್ಕಿ ಕಲಿಸಬೇಕೆಂದೂ, ಬೇರೆ ಚಾಕರಿಗೆ ಹಚ್ಚದೆ ಮಗನಂತೆ ಕಾಣಬೇಕೆಂದೂ ವಿಧಿಸುತ್ತದೆ. ನಿರ್ದೋಷಿಯಾದ ಗುರುವನ್ನು ಬಿಟ್ಟುಹೋದವನನ್ನು ಬಲಾತ್ಕಾರದಿಂದ ನಿಲ್ಲಿಸಬಹುದೆಂದೂ ಅಲ್ಲಿಯೇ ಇದೆ. ಅದನ್ನು ಮುಚ್ಚಿಡುವುದು ಯುಕ್ತವಲ್ಲ.

ಇನ್ನು ದೂರದಿಂದ ಓದುವ ಕ್ರಮ. ಮೈಸೂರು ವಿಶ್ವವಿದ್ಯಾಲಯವು ೧೯೬೯ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯನ್ನು ತೆರೆಯಿತು. ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ೨೦೧೭ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಎಂಬ ಅಂತರ್ಜಾಲ ಬೋಧನೆಯೂ, ೨೦೨೦ರಲ್ಲಿ ಆನ್‌ಲೈನ್ ಪದವಿಗಳಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಹೊಸ ನಿಯಮಗಳೂ ಬಂದುವು. ಅಮೇರಿಕದಲ್ಲಿ ಕ್ಯಾನ್ಸಾಸ್, ನೆಬ್ರಾಸ್ಕ ಮೊದಲಾದ ಕಡೆಗಳ ವಿಶ್ವವಿದ್ಯಾಲಯಗಳು ಒಟ್ಟುಗೂಡಿ ತರುಣಾಭ್ಯುದಯದಲ್ಲಿ ಸ್ನಾತಕೋತ್ತರ ಪದವಿಯನ್ನು ಅಂತರ್ಜಾಲದಿಂದ ಬೋಧಿಸಿವೆ; ವಿದ್ಯಾರ್ಥಿಯು ಒಂದರಲ್ಲಿ ಹೆಸರು ಬರೆಯಿಸಿ ಉಳಿದವುಗಳ ಅಧ್ಯಾಪಕರಿಂದಲೂ ಪಾಠ ಕೇಳಬಹುದು. ನಮ್ಮಲ್ಲಿ ಈ ವಿಷಯಕ್ಕೆ ಮೀಸಲಾದ ಶ್ರೀಪೆರಂಬೂದೂರಿನ ರಾಜೀವ್ ಗಾಂಧಿ ರಾಷ್ಟ್ರೀಯ ಸಂಸ್ಥೆಯು ೨೦೧೨ರ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ದೂರಶಿಕ್ಷಣಕ್ಕೆ ಸೇರುವವರು ಮಾನ್ಯತೆಯನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಮುಕ್ತ ವಿಶ್ವವಿದ್ಯಾಲಯಕ್ಕೆ ೨೦೧೩-೧೪ರಿಂದ ತಪ್ಪಿದ್ದ ಮಾನ್ಯತೆಯು ೨೦೧೮ರಲ್ಲಿ ಮರಳಿತು. ನಡುವಿನ ವರ್ಷಗಳಲ್ಲಿ ಕಷ್ಟಪಟ್ಟವರು ವಿದ್ಯಾರ್ಥಿಗಳು.

ದೂರಶಿಕ್ಷಣವೆಂದೊಡನೆ ಏಕಲವ್ಯನ ಹೆಸರನ್ನು ಹೇಳುವುದು ವಾಡಿಕೆಯಾಗಿದೆ. ಅವನು ಮಣ್ಣಿನಿಂದ ಗುರುವನ್ನು ಮಾಡಿಕೊಂಡನೆಂಬುದನ್ನೇ ಎಲ್ಲರೂ ಹೇಳುವರು. ಅವನ ಕೈಯಲ್ಲಿ ಬಿಲ್ಲೂ ಸುತ್ತ ಕಾಡೂ ಇದ್ದುವೆಂಬುದನ್ನು ಮರೆಯುವರು. ತರುಣಾಭ್ಯುದಯವನ್ನು ಓದುವವನಿಗೆ ಈ ಕಾಡೇ ಮುಖ್ಯ. ನಗರದ ವಿದ್ಯಾಮಂದಿರಕ್ಕೆ ಹೋದವನು ತರುಣರ ವಿಷಯವನ್ನು ಓದುತ್ತಾನೆ, ತರುಣರನ್ನು ಬಿಟ್ಟು ಬಂದಿರುತ್ತಾನೆ. ಊರಿನಲ್ಲಿಯೇ ಉಳಿದು ರಾತ್ರಿ ಪಾಠ ಕೇಳುವ ಉಪಾಧ್ಯಾಯನೋ ಶಿಲ್ಪಿಯ ಮಗಳೋ ಬೆಳಗ್ಗೆ ಅದನ್ನು ಎದುರಿಗೇ ಪರೀಕ್ಷಿಸಬಹುದು. ಅಂತರ್ಜಾಲದ ವಿದ್ಯೆಗೆ ಸಾಮಾನ್ಯವಾಗಿ ಕೊರತೆಯೆಂದು ಎಣಿಸಲ್ಪಡುವ ದೂರವೇ ಈ ಒಂದು ವಿಷಯದಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ.

ಹಾಗಾದರೆ ಶಿಲ್ಪಶಾಲೆಗೆ ಈ ಶಾಸ್ತ್ರದಿಂದ ಆಗಬೇಕಾದುದೇನು? ಬಹಳವಿದೆ. ಕಲ್ಲು ಕೊರೆಯುವ ಯಂತ್ರದ ಧೂಳು ಶ್ವಾಸಕೋಶದಲ್ಲಿ ನಿಂತು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ನೀರು ಹಾಯಿಸಿ ಕೊರೆಯುವುದರಿಂದ ಅದು ಬಹುಮಟ್ಟಿಗೆ ತಗ್ಗುವುದು. ೨೦೧೬ರ ತಿದ್ದುಪಡಿಯ ಮೇರೆಗೆ ೧೪ ವರ್ಷದೊಳಗಿನವರು ಮನೆತನದ ವೃತ್ತಿಯಲ್ಲಿ ಸಹ ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ ನೆರವಾಗಬಹುದು. ಹೆಣ್ಣುಮಕ್ಕಳಿಗೂ ಬೇರೆ ಕುಲದವರಿಗೂ ಈ ವಿದ್ಯೆಯ ಬಾಗಿಲು ಪರಂಪರೆಯಲ್ಲಿ ಸುಲಭವಾಗಿ ತೆರೆದುದಲ್ಲ. ಬಾಂಧವ್ಯವನ್ನು ಹೊಗಳುವವನು ಅದರ ಹೊರಗೆ ನಿಂತವರನ್ನೂ ಎಣಿಸಬೇಕು.

ಕಾಲವೂ ಕಾಯುತ್ತಿಲ್ಲ. ಮಾಲೂರು, ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳು ತಿಂಗಳ ಸಂಬಳವನ್ನು ಕೊಡುತ್ತವೆ. ಕಲಿಯುವ ವರ್ಷಗಳಲ್ಲಿ ಉಳಿಯು ಅಷ್ಟನ್ನು ಕೊಡಲಾರದು. ಹೋಗುವ ತರುಣನನ್ನು ದೂಷಿಸುವುದು ನ್ಯಾಯವಲ್ಲ. ೨೦೨೩ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಶಿಲ್ಪಿಗಳಿಗೆ ದಿನಕ್ಕೆ ೫೦೦ ರೂಪಾಯಿ ಭತ್ಯೆಯೊಡನೆ ೫ರಿಂದ ೭ ದಿನಗಳ ಮೂಲ ಶಿಕ್ಷಣವೂ, ಬಳಿಕ ೧೫ ದಿನಗಳ ಅಥವಾ ಹೆಚ್ಚಿನ ಶಿಕ್ಷಣವೂ ವಿಹಿತವಾಗಿವೆ. ಆದರೆ ವಯಸ್ಸು ೧೮ ತುಂಬಿರಬೇಕು, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ತಂದೆಯ ಹೆಸರು ನೊಂದಿದರೆ ಅವನ ಪಕ್ಕದಲ್ಲಿ ಕುಳಿತು ಕಲಿಯುವ ಮಗನೋ ಮಗಳೋ ಲೆಕ್ಕಕ್ಕೆ ಬರುವುದಿಲ್ಲ. ಈ ಶಾಸ್ತ್ರವನ್ನು ಓದಿದವರು ಸರ್ಕಾರಕ್ಕೆ ಮೊದಲು ತೋರಿಸಿಕೊಡಬೇಕಾದ ಸ್ಥಳವಿದು.

ಕಡೆಯದಾಗಿ ಸಂಶೋಧನ ಪ್ರಬಂಧದ ವಿಷಯ. ಲರ್ನರರ ಐದು ಗುಣಗಳ ಪ್ರಶ್ನಾವಳಿಯನ್ನು ಕನ್ನಡಿಸಿ ಹಂಚಿ, ಬಂದ ಅಂಕಗಳನ್ನು ಕೂಡಿಸುವುದು ಸುಲಭ. ಅದಕ್ಕೆ ಮುಂಚೆ ಊರಿನ ಮಾತನ್ನು ಕೇಳಬೇಕು. ‘ಕೈ ಪಳಗಿದೆ’ ಎಂದರೆ ಸಾಮರ್ಥ್ಯವೋ ಆತ್ಮಪ್ರತ್ಯಯವೋ? ಎರಡೂ ಹೌದು, ಅವುಗಳಲ್ಲದ ತಾಳ್ಮೆಯೂ ಅದರಲ್ಲಿ ಸೇರಿದೆ. ‘ಹೊಣೆಯರಿತವನು’ ಎಂಬಲ್ಲಿ ಶೀಲವೂ ಬಾಂಧವ್ಯವೂ ಬೇರೆಯಾಗಿ ನಿಲ್ಲುವುದಿಲ್ಲ. ಒಬ್ಬ ತರುಣನ ವಿಷಯದಲ್ಲಿ ಗುರುವು ಇಂತಹ ಮಾತನ್ನು ಯಾವ ಕೆಲಸ ಮುಗಿದ ದಿನ ಮೊದಲು ಆಡುತ್ತಾನೆ, ಅಲ್ಲಿಯವರೆಗೆ ಎಷ್ಟು ತಿಂಗಳುಗಳು ಕಳೆದಿರುತ್ತವೆ ಎಂಬುದನ್ನು ಎರಡು ವರ್ಷ ಬರೆದಿಟ್ಟ ದಿನಚರಿಯೊಂದು ಸಿದ್ಧವಾದರೆ, ಪ್ರಶ್ನಾವಳಿಯನ್ನು ಅದರ ಮೇಲೆ ಕಟ್ಟಬಹುದು.