ಮೂವತ್ತರ ರಿಯಾಕ್ಟರಿಗೆ ಕಾಯಕಲ್ಪ

1983ರ ಆಗಸ್ಟ್ 1. ಕೆನಡಾದ ಟೊರಾಂಟೊ ನಗರದ ಪಕ್ಕದಲ್ಲಿರುವ ಪಿಕರಿಂಗ್ ಪರಮಾಣು ವಿದ್ಯುತ್ ಸ್ಥಾವರದ ಎರಡನೇ ಘಟಕ ಎಂದಿನಂತೆ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ರಿಯಾಕ್ಟರಿನ ಒಳಗಿನ ಒಂದು ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿಹೋಯಿತು. ಒಳಗೆ ಹರಿಯುತ್ತಿದ್ದ ಬಿಸಿ ಭಾರಜಲ (ಹೆವಿ ವಾಟರ್) ಹೊರಚೆಲ್ಲಿತು. ಸಿಬ್ಬಂದಿ ಘಟಕವನ್ನು ನಿಲ್ಲಿಸಿ ತಣಿಸಿದರು. ತುರ್ತು ತಂಪುವ್ಯವಸ್ಥೆಯನ್ನು ಬಳಸುವ ಅಗತ್ಯವೂ ಬೀಳಲಿಲ್ಲ. ಆದರೆ ಎಂಜಿನಿಯರುಗಳ ಒಂದು ದೊಡ್ಡ ನಂಬಿಕೆ ಅಂದು ಮುರಿದುಬಿತ್ತು. ಇಂಥ ಕೊಳವೆ ಒಡೆಯುವ ಮೊದಲು ಸಣ್ಣಗೆ ಸೋರುತ್ತದೆ, ಸೋರಿಕೆಯೇ ಎಚ್ಚರಿಕೆ ಕೊಡುತ್ತದೆ ಎಂದು ಅವರು ಭಾವಿಸಿದ್ದರು. ಪಿಕರಿಂಗ್‌ನ ಕೊಳವೆ ಯಾವ ಸುಳಿವನ್ನೂ ಕೊಡದೆ ಸೀಳಿತ್ತು.

ರಿಯಾಕ್ಟರಿಗೂ ಮುಪ್ಪು ಬರುತ್ತದೆ. ಅದು ಎಲ್ಲಿ, ಹೇಗೆ ಬರುತ್ತದೆ ಎಂಬುದನ್ನು ಜಗತ್ತು ಕಲಿಯತೊಡಗಿದ್ದು ಇಂಥ ಘಟನೆಗಳಿಂದ. ಆ ಕಲಿಕೆಯ ಫಲ ಇಂದು ಕಾಣುತ್ತಿರುವುದು ಒಂಟಾರಿಯೋ ಸರೋವರದ ದಂಡೆಯಲ್ಲಿ, ಟೊರಾಂಟೊಗೆ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಡಾರ್ಲಿಂಗ್ಟನ್‌ನಲ್ಲಿ. 1990ರಿಂದ 1993ರ ನಡುವೆ ಉತ್ಪಾದನೆ ಆರಂಭಿಸಿದ ನಾಲ್ಕು ಘಟಕಗಳು ಅಲ್ಲಿವೆ. ಒಟ್ಟು ಸಾಮರ್ಥ್ಯ 3,500 ಮೆಗಾವಾಟ್‌ಗೂ ಹೆಚ್ಚು. ಒಂಟಾರಿಯೋ ಪ್ರಾಂತ್ಯದ ವಿದ್ಯುತ್ತಿನಲ್ಲಿ ಸರಿಸುಮಾರು ಐದನೇ ಒಂದು ಭಾಗ ಈ ಒಂದೇ ಸ್ಥಾವರದ್ದು. 2014ರಲ್ಲಿ ಕಲ್ಲಿದ್ದಲಿನ ವಿದ್ಯುತ್ತನ್ನು ಪೂರ್ತಿ ಕೈಬಿಟ್ಟ ಆ ಪ್ರಾಂತ್ಯಕ್ಕೆ ಇದನ್ನು ಮುಚ್ಚುವುದು ಸುಲಭದ ಮಾತಾಗಿರಲಿಲ್ಲ. ಒಂದೊಂದೇ ಘಟಕವನ್ನು ಬಿಚ್ಚಿ ಸವೆದ ಭಾಗಗಳನ್ನು ಬದಲಿಸಿ ಇನ್ನೂ ಮೂವತ್ತು ವರ್ಷ ಓಡಿಸುವುದೆಂದು ತೀರ್ಮಾನವಾಯಿತು. ಅಂದಾಜು ವೆಚ್ಚ 12.8 ಶತಕೋಟಿ ಕೆನಡಾ ಡಾಲರ್.

ಕೆನಡಾ ರೂಪಿಸಿದ ಈ ಬಗೆಯ ರಿಯಾಕ್ಟರಿಗೆ ‘ಕ್ಯಾಂಡು’ ಎಂದು ಹೆಸರು. ಜಗತ್ತಿನ ಹೆಚ್ಚಿನ ರಿಯಾಕ್ಟರುಗಳಲ್ಲಿ ಇಂಧನವೆಲ್ಲ ದಪ್ಪ ಉಕ್ಕಿನ ಒಂದೇ ಒಂದು ಬೃಹತ್ ಪಾತ್ರೆಯೊಳಗೆ ಇರುತ್ತದೆ. ನ್ಯೂಟ್ರಾನುಗಳ ಹೊಡೆತಕ್ಕೆ ಆ ಉಕ್ಕು ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ. ರಷ್ಯಾದಲ್ಲಿ ಕೆಲವು ಪಾತ್ರೆಗಳನ್ನು ಇದ್ದಲ್ಲೇ ಕಾಯಿಸಿ ಪೆಡಸುತನ ಇಳಿಸಿದ್ದುಂಟು. ಪಾತ್ರೆಯನ್ನೇ ಬದಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಕ್ಯಾಂಡುವಿನ ಕಥೆ ಬೇರೆ. ಅಲ್ಲಿ ಅಡ್ಡಲಾಗಿ ಮಲಗಿಸಿದ ದೊಡ್ಡ ಡೋಲಿನಾಕಾರದ ತೊಟ್ಟಿಯೊಂದಿದೆ, ಅದೇ ಕ್ಯಾಲಂಡ್ರಿಯಾ. ಅದರ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನೂರಾರು ಕೊಳವೆಗಳು ಹಾದುಹೋಗುತ್ತವೆ. ಎದುರಿಗೆ ನಿಂತು ನೋಡಿದರೆ ಜೇನುಗೂಡಿನ ಹಾಗೆ ಕಾಣುತ್ತದೆ. ಡಾರ್ಲಿಂಗ್ಟನ್‌ನ ಪ್ರತಿ ರಿಯಾಕ್ಟರಿನಲ್ಲಿ ಇಂಥ 480 ನಾಳಗಳಿವೆ. ಒಂದೊಂದು ನಾಳದಲ್ಲಿ ಅರ್ಧ ಮೀಟರ್ ಉದ್ದದ 13 ಯುರೇನಿಯಂ ಕಟ್ಟುಗಳು, ಅಂದರೆ ಒಂದು ರಿಯಾಕ್ಟರಿಗೆ 6,240 ಕಟ್ಟುಗಳು. ಒತ್ತಡವನ್ನು ತಾಳುವುದು ದೊಡ್ಡ ಪಾತ್ರೆಯಲ್ಲ, ಈ ಕೊಳವೆಗಳು. ಆದ್ದರಿಂದ ಮುಪ್ಪಾಗುವುದೂ ಮುಖ್ಯವಾಗಿ ಇವೇ. ಬದಲಿಸಲು ಸಾಧ್ಯವಿರುವ ಭಾಗಕ್ಕೇ ಮುಪ್ಪು ಬರುವ ಹಾಗೆ ಈ ರಿಯಾಕ್ಟರಿನ ರಚನೆ ಇದೆ. ಕಾಯಕಲ್ಪ ಸಾಧ್ಯವಾಗಿರುವುದೇ ಇದರಿಂದ.

ಪ್ರೆಶರ್ ಟ್ಯೂಬ್ ಎಂದು ಕರೆಯುವ ಈ ಕೊಳವೆಯನ್ನು ಜಿರ್ಕೋನಿಯಂ ಲೋಹಕ್ಕೆ ಶೇಕಡಾ 2.5ರಷ್ಟು ನಿಯೋಬಿಯಂ ಬೆರೆಸಿ ಮಾಡುತ್ತಾರೆ. ಜಿರ್ಕೋನಿಯಂ ನ್ಯೂಟ್ರಾನುಗಳನ್ನು ಹೆಚ್ಚು ನುಂಗುವುದಿಲ್ಲ. ಸಹಜ ಯುರೇನಿಯಂ ಇಂಧನವೇ ಸಾಕಾಗಲು ಇದೂ ಒಂದು ಕಾರಣ. ಕೊಳವೆಯ ಉದ್ದ ಆರು ಮೀಟರಿಗೂ ಹೆಚ್ಚು, ಅಡ್ಡಳತೆ ಸುಮಾರು 10 ಸೆಂಟಿಮೀಟರ್, ಗೋಡೆಯ ದಪ್ಪವೋ ಬರೀ ನಾಲ್ಕು ಮಿಲಿಮೀಟರಿನಷ್ಟು. ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನ ಭಾರಜಲ, ವಾತಾವರಣದ ಸುಮಾರು ನೂರು ಪಟ್ಟು ಒತ್ತಡದಲ್ಲಿ. ಸುತ್ತಲೂ ಕ್ಯಾಲಂಡ್ರಿಯಾ ಟ್ಯೂಬ್ ಎಂಬ ಇನ್ನೊಂದು ಕೊಳವೆ, ಅದರಾಚೆ ತೊಟ್ಟಿಯಲ್ಲಿ ಹೆಚ್ಚು ಬಿಸಿಯಲ್ಲದ ಭಾರಜಲ. ಎರಡು ಕೊಳವೆಗಳು ಒಂದಕ್ಕೊಂದು ತಾಗದಿರಲೆಂದು ನಡುವೆ ಸಣ್ಣ ಸುರುಳಿ ಸ್ಪ್ರಿಂಗುಗಳನ್ನು ತೊಡಿಸಿರುತ್ತಾರೆ.

ನ್ಯೂಟ್ರಾನುಗಳು ಹಗಲಿರುಳು ಬಡಿಯುತ್ತ ಲೋಹದ ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸುತ್ತವೆ. ಕೊಳವೆ ವರ್ಷವರ್ಷವೂ ಕೆಲವು ಮಿಲಿಮೀಟರ್ ಉದ್ದವಾಗುತ್ತದೆ, ನಡುವಿನಲ್ಲಿ ಜೋಲುತ್ತದೆ, ಅಗಲವೂ ಆಗುತ್ತದೆ. ಅಗಲವಾದಷ್ಟೂ ತಂಪು ಮಾಡಬೇಕಾದ ಭಾರಜಲ ಇಂಧನದ ಕಟ್ಟನ್ನು ಬಿಟ್ಟು ಬದಿಯಿಂದ ನುಸುಳಿ ಹೋಗುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಬಿಸಿ ಭಾರಜಲದಲ್ಲಿ ಜಿರ್ಕೋನಿಯಂ ನಿಧಾನವಾಗಿ ತುಕ್ಕು ಹಿಡಿಯುವಾಗ ಡ್ಯೂಟೀರಿಯಂ ಎಂಬ ಭಾರ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದರಲ್ಲಿ ಒಂದಿಷ್ಟನ್ನು ಲೋಹವೇ ಹೀರಿಕೊಂಡು ಪೆಡಸಾಗುತ್ತದೆ. ಪಿಕರಿಂಗ್‌ನಲ್ಲಿ ಆದದ್ದು ಇದೇ. ಸ್ಪ್ರಿಂಗು ಜಾಗ ಬಿಟ್ಟು ಸರಿದಿತ್ತು. ಜೋತ ಬಿಸಿ ಕೊಳವೆ ತಣ್ಣನೆಯ ಹೊರಕೊಳವೆಗೆ ತಾಗಿತು. ಹೀರಿಕೊಂಡ ಅನಿಲವೆಲ್ಲ ತಂಪಾದ ಆ ಜಾಗಕ್ಕೆ ಸರಿದು ಬೊಕ್ಕೆಗಳಾದವು, ಬೊಕ್ಕೆಗಳು ಬಿರುಕಾದವು. ಆ ಘಟಕದ ಕೊಳವೆಗಳು ಜಿರ್ಕಲಾಯ್-2 ಎಂಬ ಬೇರೆ ಮಿಶ್ರಲೋಹದವು. ಅವು ಈ ಅನಿಲವನ್ನು ಹೆಚ್ಚು ಹೀರುತ್ತಿದ್ದವು. ಆ ಘಟನೆಯ ನಂತರ ಕ್ಯಾಂಡು ಲೋಕದ ಪ್ರೆಶರ್ ಟ್ಯೂಬುಗಳಲ್ಲಿ ಜಿರ್ಕಲಾಯ್-2 ಬದಿಗೆ ಸರಿಯಿತು.

ಡಾರ್ಲಿಂಗ್ಟನ್‌ನ ಕೆಲಸ ಆರಂಭವಾದದ್ದು 2016ರ ಅಕ್ಟೋಬರಿನಲ್ಲಿ, ಎರಡನೇ ಘಟಕದಿಂದ. ನವೀಕರಣದ ಉದ್ದೇಶವನ್ನು ಘೋಷಿಸಿದ್ದು 2010ರಲ್ಲಿ. ನಡುವಿನ ವರ್ಷಗಳು ತಯಾರಿಗೆ ಹೋದವು. ಸ್ಥಾವರದ ಪಕ್ಕದಲ್ಲೇ ಒಂದು ಕಟ್ಟಡ ಕಟ್ಟಿ, ಅದರೊಳಗೆ ರಿಯಾಕ್ಟರಿನ ಮುಖದ ಅಳತೆಗೆ ಸರಿಯಾದ ಪ್ರತಿಕೃತಿಯನ್ನು ನಿಲ್ಲಿಸಿದರು. ಅದರಲ್ಲಿ ವಿಕಿರಣ ಒಂದಿಲ್ಲ, ಉಳಿದದ್ದೆಲ್ಲ ಅಸಲಿನಂತೆಯೇ. ಕೊಳವೆ ಕತ್ತರಿಸುವ, ಎಳೆಯುವ, ಕೂರಿಸುವ ಯಂತ್ರಗಳನ್ನು ಅಲ್ಲೇ ಪರೀಕ್ಷಿಸಿದರು; ಕೆಲಸಗಾರರು ಪ್ರತಿ ಹೆಜ್ಜೆಯನ್ನೂ ಅಲ್ಲೇ ಮತ್ತೆ ಮತ್ತೆ ಅಭ್ಯಾಸ ಮಾಡಿದರು. ವಿಕಿರಣವಿರುವ ಜಾಗದಲ್ಲಿ ತಡವರಿಸುತ್ತ ನಿಲ್ಲುವ ಪ್ರತಿ ನಿಮಿಷಕ್ಕೂ ಮನುಷ್ಯನ ದೇಹ ಬೆಲೆ ತೆರುತ್ತದೆ. ಹಾಗಾಗಿ ಈ ಅಭ್ಯಾಸಶಾಲೆ ಇಡೀ ಯೋಜನೆಯ ಅತ್ಯಂತ ವಿವೇಕದ ಖರ್ಚು.

ಘಟಕವನ್ನು ನಿಲ್ಲಿಸಿದ ಮೇಲೆ ಮೊದಲ ಕೆಲಸ ಇಂಧನ ಖಾಲಿ ಮಾಡುವುದು. 6,240 ಕಟ್ಟುಗಳನ್ನೂ ಯಂತ್ರಗಳೇ ಹೊರತೆಗೆದು ನೀರಿನ ಕೊಳಕ್ಕೆ ಸಾಗಿಸುತ್ತವೆ. ಆಮೇಲೆ, ಓಡುತ್ತಲೇ ಇರುವ ಪಕ್ಕದ ಘಟಕಗಳಿಂದ ಇದನ್ನು ತಡೆಗೋಡೆಗಳ ಮೂಲಕ ಬೇರ್ಪಡಿಸಬೇಕು. ಭಾರಜಲವನ್ನು ಹನಿಯೂ ಪೋಲಾಗದಂತೆ ಬಸಿದು ಒಳಗನ್ನು ಒಣಗಿಸಬೇಕು. ಅನಂತರ ಪ್ರತಿ ನಾಳದ ಎರಡು ತುದಿಗೂ ಭಾರಜಲ ತಂದು ಒಯ್ಯುವ ಫೀಡರ್ ಕೊಳವೆಗಳ ಸರದಿ. ಒಟ್ಟು 960, ಒಂದೊಂದಕ್ಕೂ ಬೇರೆ ಬೇರೆ ತಿರುವು. ಇವು ಸಾಧಾರಣ ಇಂಗಾಲದ ಉಕ್ಕಿನವು. ರಭಸದ ಹರಿವಿಗೆ ಸವೆದು ತೆಳ್ಳಗಾಗಿರುತ್ತವೆ. ಅವು ಹೊರಬಂದ ಮೇಲೆ ಪ್ರೆಶರ್ ಟ್ಯೂಬುಗಳನ್ನು, ಬಳಿಕ ಕ್ಯಾಲಂಡ್ರಿಯಾ ಟ್ಯೂಬುಗಳನ್ನು ತೆಗೆಯಬೇಕು. ಎಲ್ಲಕ್ಕಿಂತ ಹೆಚ್ಚು ವಿಕಿರಣ ಸೂಸುವ ವಸ್ತುಗಳಲ್ಲಿ ಇವು ಸೇರಿವೆ. ದಪ್ಪ ಕವಚಗಳ ಮರೆಯಲ್ಲೇ ಎಳೆದು, ಸ್ಥಾವರದ ಆವರಣದಲ್ಲೇ ಚಿಕ್ಕ ತುಂಡುಗಳಾಗಿ ಕತ್ತರಿಸಿ ಭಾರಿ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ.

ಬರಿದಾದ ತೊಟ್ಟಿಯೊಳಗೆ ಕ್ಯಾಮೆರಾ ಇಳಿಸಿ ತಪಾಸಣೆ ಮಾಡುತ್ತಾರೆ. ಮೂರು ದಶಕಗಳಲ್ಲಿ ಆ ಒಡಲನ್ನು ಹೀಗೆ ಪೂರ್ತಿ ಕಾಣುವುದು ಇದೊಂದೇ ಅವಕಾಶ. ಅಲ್ಲಿಂದ ಮುಂದೆ ಎಲ್ಲವೂ ಹಿಂದುಮುಂದಾಗಿ ನಡೆಯುತ್ತದೆ: ಹೊಸ ಕ್ಯಾಲಂಡ್ರಿಯಾ ಟ್ಯೂಬುಗಳು, ಹೊಸ ಪ್ರೆಶರ್ ಟ್ಯೂಬುಗಳು, ಹೊಸ ಫೀಡರ್‌ಗಳು, ಕೊನೆಗೆ ಹೊಸ ಇಂಧನ. ಇದೇ ಬಿಡುವಿನಲ್ಲಿ ಟರ್ಬೈನು, ಜನರೇಟರುಗಳ ದುರಸ್ತಿಯೂ ಮುಗಿಯುತ್ತದೆ.

ಹೇಳುವಾಗ ಸಲೀಸು. ಇದೇ ಕೆಲಸ ಹೇಗೆ ಕೆಡಬಹುದೆಂಬುದಕ್ಕೆ ಕೆನಡಾದ್ದೇ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಪಾಯಿಂಟ್ ಲೆಪ್ರೋ ಸ್ಥಾವರ ಸಾಕ್ಷಿ. 2008ರಲ್ಲಿ ನಿಲ್ಲಿಸಿದ ಅದನ್ನು ಹದಿನೆಂಟು ತಿಂಗಳಲ್ಲಿ ಮರಳಿ ಓಡಿಸುವುದೆಂದು ಲೆಕ್ಕ ಹಾಕಿದ್ದರು. ಹೊಸ ಕ್ಯಾಲಂಡ್ರಿಯಾ ಟ್ಯೂಬುಗಳ ತುದಿಯ ಜೋಡಣೆಯಲ್ಲಿ ಬಿಗಿ ಸಾಲದೆ, ಕೂರಿಸಿದ 380 ಕೊಳವೆಗಳನ್ನೂ ಕಿತ್ತು ಮತ್ತೆ ಕೂರಿಸಬೇಕಾಯಿತು. ಸ್ಥಾವರ ಮರಳಿದ್ದು 2012ರ ಕೊನೆಗೆ. ಅದೇ ವರ್ಷ ಕ್ವಿಬೆಕ್ ಪ್ರಾಂತ್ಯ ತನ್ನ ಜಂಟಿಲಿ-2 ಸ್ಥಾವರದ ನವೀಕರಣವೇ ದುಬಾರಿಯೆಂದು ಅದನ್ನು ಶಾಶ್ವತವಾಗಿ ಮುಚ್ಚಿತು. ಡಾರ್ಲಿಂಗ್ಟನ್‌ನ ಪೂರ್ವಚರಿತ್ರೆಯೂ ಧೈರ್ಯ ಕೊಡುವಂಥದ್ದಲ್ಲ: ಅದನ್ನು ಕಟ್ಟುವಾಗಲೇ ವೆಚ್ಚ ಮೂಲ ಅಂದಾಜನ್ನು ಎಷ್ಟೋ ಪಟ್ಟು ಮೀರಿ 14.4 ಶತಕೋಟಿ ಡಾಲರ್ ಮುಟ್ಟಿತ್ತು. ಆದ್ದರಿಂದ 2016ರಲ್ಲಿ ಅನುಮಾನಪಟ್ಟವರನ್ನು ದೂರುವಂತಿಲ್ಲ. ಪ್ರತಿ ಘಟಕದ ಕೆಲಸ ಶುರುವಾಗುವ ಮುನ್ನ ಯೋಜನೆಯನ್ನು ಕೈಬಿಡುವ ಅಧಿಕಾರವನ್ನು ಪ್ರಾಂತ್ಯ ಸರ್ಕಾರ ತನ್ನ ಬಳಿ ಇಟ್ಟುಕೊಂಡಿದ್ದು ಇದೇ ಕಾರಣಕ್ಕೆ.

ಎರಡನೇ ಘಟಕ 2020ರ ಜೂನ್‌ನಲ್ಲಿ, ನಿಗದಿಗಿಂತ ಕೆಲವು ತಿಂಗಳು ತಡವಾಗಿ ಮರಳಿತು. ಅದು ಮುಗಿಯುವವರೆಗೆ ಇನ್ನೊಂದಕ್ಕೆ ಕೈಹಾಕಬಾರದೆಂಬುದು ಮೊದಲೇ ಮಾಡಿಕೊಂಡ ನಿಯಮ. ಆ ಘಟಕದಲ್ಲಿ ಎಡವಿದ್ದೆಲ್ಲ ಪಟ್ಟಿಯಾಗಿ ಮುಂದಿನದಕ್ಕೆ ಪಾಠವಾಯಿತು. ಕೋವಿಡ್‌ನಿಂದಾಗಿ ಮುಂದೂಡಿದ ಮೂರನೇ ಘಟಕದ ಕೆಲಸ 2020ರ ಸೆಪ್ಟೆಂಬರಿನಲ್ಲಿ ಶುರುವಾಗಿ, ನಿಗದಿಗಿಂತ 169 ದಿನ ಮೊದಲೇ, 2023ರ ಜುಲೈನಲ್ಲಿ ಮುಗಿಯಿತು. 2022ರ ಆರಂಭದಲ್ಲಿ ಬಿಚ್ಚಿದ ಒಂದನೇ ಘಟಕ 2024ರ ನವೆಂಬರಿನಲ್ಲಿ, ಅದೂ ತಿಂಗಳುಗಟ್ಟಲೆ ಮುಂಚಿತವಾಗಿ, ಗ್ರಿಡ್‌ಗೆ ಮರಳಿತು. ಕಡೆಯದಾದ ನಾಲ್ಕನೇ ಘಟಕವನ್ನು 2023ರ ಜುಲೈನಲ್ಲಿ ಕೈಗೆತ್ತಿಕೊಂಡು, 2026ರೊಳಗೆ ಮುಗಿಸುವ ಗುರಿ ಇಟ್ಟುಕೊಂಡರು. ಪರಮಾಣು ಕಾಮಗಾರಿಗಳಲ್ಲಿ ಅವಧಿಗೆ ಮುನ್ನ ಎಂಬ ಮಾತು ಎಷ್ಟು ಅಪರೂಪವೆಂಬುದನ್ನು ಬಲ್ಲವರು ಈ ತಾರೀಖುಗಳ ಬೆಲೆ ಅರಿಯಬಲ್ಲರು.

ಡಾರ್ಲಿಂಗ್ಟನ್‌ನ ಒಂದನೇ ಘಟಕಕ್ಕೂ ಕರ್ನಾಟಕಕ್ಕೂ ಒಂದು ನಂಟಿದೆ. ಉತ್ತರ ಕನ್ನಡದ ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಒಮ್ಮೆಯೂ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಬರೆದಿತ್ತು. 2020ರಲ್ಲಿ ಅದನ್ನು ದಾಟಿದ್ದು ಡಾರ್ಲಿಂಗ್ಟನ್‌ನ ಒಂದನೇ ಘಟಕ. 2021ರ ಫೆಬ್ರುವರಿಯಲ್ಲಿ ನಿಂತಾಗ ಅದರ ಲೆಕ್ಕ 1,106 ದಿನ ಮುಟ್ಟಿತ್ತು. ಎರಡೂ ಒಂದೇ ವಂಶದವು. ಓಡುತ್ತಿರುವಾಗಲೇ ಒಂದೊಂದು ನಾಳಕ್ಕೂ ಇಂಧನ ತುಂಬಬಹುದಾದ ರಚನೆಯೇ ಈ ದೀರ್ಘ ಓಟದ ಗುಟ್ಟು. ಕೆನಡಾದ ನೆರವಿನಲ್ಲಿ ರಾಜಸ್ಥಾನದ ರಾವತ್‌ಭಾಟಾದಲ್ಲಿ ಶುರುವಾದ ಈ ಬಗೆಯ ರಿಯಾಕ್ಟರನ್ನು, 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಕೈಬಿಟ್ಟ ಮೇಲೆ, ಭಾರತೀಯ ಎಂಜಿನಿಯರುಗಳು ಒಂಟಿಯಾಗಿ ಬೆಳೆಸಿದರು.

ಕೊಳವೆ ಬದಲಿಸುವ ವಿದ್ಯೆಯನ್ನೂ ಅವರು ಹಾಗೆಯೇ ಕಲಿಯಬೇಕಾಯಿತು. ಜಿರ್ಕಲಾಯ್-2 ಕೊಳವೆಗಳಿದ್ದ ರಾಜಸ್ಥಾನದ ಎರಡನೇ ಘಟಕವನ್ನು 1990ರ ದಶಕದಲ್ಲಿ ನಿಲ್ಲಿಸಿ, ಯಂತ್ರೋಪಕರಣಗಳನ್ನು ಇಲ್ಲೇ ರೂಪಿಸಿ, 306 ನಾಳಗಳನ್ನೂ ಬದಲಿಸಿದರು. 1998ರಲ್ಲಿ ಅದು ಮತ್ತೆ ವಿದ್ಯುತ್ ಕೊಟ್ಟಿತು. ಆಮೇಲೆ ಕಲ್ಪಾಕ್ಕಂ, ನರೋರಾಗಳಲ್ಲೂ ಇದೇ ನಡೆಯಿತು. 2015 ಮತ್ತು 2016ರಲ್ಲಿ ಗುಜರಾತಿನ ಕಾಕ್ರಪಾರದ ಎರಡು ಘಟಕಗಳಲ್ಲಿ ನಾಳಗಳು ಸೋರಿದಾಗ, ಎರಡರ ಕೊಳವೆಗಳನ್ನೂ ಬದಲಿಸಿ 2018, 2019ರಲ್ಲಿ ಮರಳಿ ಓಡಿಸಿದರು. ಬೇಕಾದ ಕೊಳವೆಗಳು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲೇ ತಯಾರಾಗುತ್ತವೆ. ಇದು ಭಾರತದ ಎಂಜಿನಿಯರಿಂಗ್‌ನ ದೊಡ್ಡ ಸಾಧನೆ. ಸಾಮಾನ್ಯ ಓದುಗರಿಗೆ ಅದು ತಲುಪಿದ್ದು ಮಾತ್ರ ತೀರಾ ಕಡಿಮೆ.

ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ನೇ ಇಸವಿಯಲ್ಲಿ. ಕಾಲು ಶತಮಾನ ಕಳೆದಿದೆ. ಅವೂ ಕೊಳವೆ ಬದಲಿಸುವ ವಯಸ್ಸಿಗೆ ಬಂದಿವೆ. ಒಂದೊಂದರಲ್ಲೂ 306 ನಾಳ, 612 ಫೀಡರ್. ತಾಂತ್ರಿಕವಾಗಿ ಇದು ಹೊಸತೇನಲ್ಲ. ಹೊಸತಾಗಬೇಕಾದದ್ದು ಜನರಿಗೆ ಕೊಡುವ ಲೆಕ್ಕ. ಒಂಟಾರಿಯೋದಲ್ಲಿ ಯೋಜನೆಯ ವೆಚ್ಚವೂ ವೇಳಾಪಟ್ಟಿಯೂ ಸಾರ್ವಜನಿಕರ ಮುಂದಿದ್ದವು. ಶಾಸನಸಭೆಯ ಹಣಕಾಸು ಹೊಣೆಗಾರಿಕೆ ಕಚೇರಿ 2017ರಲ್ಲೇ ಯೋಜನೆಯ ಅಪಾಯಗಳನ್ನು ತೂಗಿ ವರದಿ ಹೊರತಂದಿತ್ತು. ತಡವಾದಾಗ ತಡವಾಯಿತೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೈಗಾ ಇರುವ ಕಾಳಿ ನದಿಯ ದಂಡೆಯ ಜನರಿಗೂ ಅಂಥದೇ ವಿವರ ಕನ್ನಡದಲ್ಲಿ ಸಿಗಬೇಕು: ಘಟಕ ಎಂದು ನಿಂತಿತು, ಎಂದು ಮರಳುತ್ತದೆ, ಎಷ್ಟು ಹಣ ಹೋಯಿತು, ಕೆಲಸಗಾರರ ಮೈಗೆ ಎಷ್ಟು ವಿಕಿರಣ ತಾಗಿತು, ಕಿತ್ತ ಕೊಳವೆಗಳನ್ನು ಎಲ್ಲಿ, ಯಾರ ಕಾವಲಿನಲ್ಲಿ ಇಟ್ಟಿದ್ದಾರೆ.