ಹಳೆಯ ಕಾರಿನಲ್ಲಿ ವಿದ್ಯುದ್ದೋಷದ ಶೋಧನೆ

ರಾತ್ರಿಯ ವೇಳೆ ಮೋಟಾರು ಕಾರಿನ ಮುಂದೀಪವೊಂದು ಮಂಕಾದರೆ ನಾವು ಮೊದಲು ದೂಷಿಸುವುದು ಬಲ್ಬನ್ನು. ಬಲ್ಬನ್ನು ಬದಲಾಯಿಸಿದರೂ ಮಂಕು ಹೋಗದಿದ್ದರೆ ಬ್ಯಾಟರಿಯನ್ನು ಶಂಕಿಸುತ್ತೇವೆ. ಅದನ್ನೂ ಬದಲಾಯಿಸಿದ ಮೇಲೆ ದಿಕ್ಕು ತೋಚದೆ ಕೂಡುತ್ತೇವೆ. ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಅದು ನಿಯಮಕ್ಕೆ ಕಟ್ಟುಬಿದ್ದಿದೆ. ಆ ನಿಯಮವನ್ನು ಬಲ್ಲವನು ಒಂದು ವೋಲ್ಟ್‌ಮೀಟರನ್ನು ಹಿಡಿದು, ಯಾವ ಹೊಸ ಭಾಗವನ್ನೂ ಕೊಳ್ಳದೆ, ದೋಷವಿರುವ ಸ್ಥಳಕ್ಕೆ ನೇರವಾಗಿ ಹೋಗಬಲ್ಲನು. ಇದಕ್ಕೆ ನಿದರ್ಶನವಾಗಿ, ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗಿ, ಕೊಂಡವರ ಮನೆಯಲ್ಲಿಯೇ ಜೋಡಣೆಗೊಂಡು, ಈಗ ಮತ್ತೊಬ್ಬರ ಕೈಸೇರಿರುವ ಹಳೆಯ 'ಕಿಟ್ ಕಾರ್' ಒಂದನ್ನು ತೆಗೆದುಕೊಳ್ಳೋಣ.

ಮನೆಯಲ್ಲಿ ಕಟ್ಟಿದ ಕಾರು

ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನಲ್ಲಿ ಹೊಸ ಕಾರುಗಳ ಮೇಲೆ ಭಾರವಾದ ಖರೀದಿ ತೆರಿಗೆಯಿತ್ತು. ಪೂರ್ಣವಾಗಿ ಜೋಡಿಸಿದ ಕಾರಿಗೆ ಈ ತೆರಿಗೆ ತಗಲುತ್ತಿತ್ತು; ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಂಡವನಿಗೆ ತಗಲುತ್ತಿರಲಿಲ್ಲ. ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರು ಸ್ಥಾಪಿಸಿದ ಲೋಟಸ್ ಸಂಸ್ಥೆ 1957ರಲ್ಲಿ 'ಸೆವೆನ್' ಕಾರನ್ನೂ 1962ರಲ್ಲಿ 'ಎಲಾನ್' ಕಾರನ್ನೂ ಹೊರತಂದಿತು. ಇವೆರಡೂ ಬಿಡಿಭಾಗಗಳ ರೂಪದಲ್ಲಿಯೂ ದೊರೆಯುತ್ತಿದ್ದವು. 1973ರಲ್ಲಿ ಖರೀದಿ ತೆರಿಗೆಯ ಬದಲು ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಅನುಕೂಲ ಇಲ್ಲವಾಯಿತು. ಆದರೂ ಅಂಥ ಕಾರುಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ.

ಇವುಗಳಲ್ಲಿ ಎರಡು ವಿಶೇಷಗಳುಂಟು. ಮೊದಲನೆಯದು, ಅನೇಕವುಗಳ ಹೊರಮೈ ಉಕ್ಕಿನದಲ್ಲ, ಗಾಜುನಾರಿನಿಂದ ಬಲಪಡಿಸಿದ ರಾಳದ್ದು. ಎಲಾನ್ ಕಾರಿನಲ್ಲಿ ಉಕ್ಕಿನ ಬೆನ್ನೆಲುಬಿನಂಥ ಚೌಕಟ್ಟಿನ ಮೇಲೆ ಇಂಥ ಮೈಯನ್ನು ಕೂಡಿಸಿದೆ. ಎರಡನೆಯದು, ತಂತಿಗಳನ್ನು ಜೋಡಿಸಿದವರು ಹವ್ಯಾಸಿಗಳು. ಬ್ರಿಟಿಷ್ ರೂಢಿಯಂತೆ ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬರುವುದು, ನೀಲಿ ಮುಂದೀಪಗಳದು, ಕೆಂಪು ಚಿಕ್ಕದೀಪಗಳದು, ಕಪ್ಪು ಹಿಂದಿರುಗುವ ತಂತಿ. ಆದರೆ ಒಬ್ಬ ಮಾಲೀಕನು ರೇಡಿಯೋ ಸೇರಿಸಿ, ಇನ್ನೊಬ್ಬನು ಬೀಸಣಿಗೆ ಸೇರಿಸಿ, ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ಉಪಯೋಗಿಸಿರುತ್ತಾರೆ. ಆದುದರಿಂದ ಮುದ್ರಿತ ನಕ್ಷೆಯನ್ನು ಪೂರ್ಣವಾಗಿ ನಂಬದೆ, ಪ್ರತಿಯೊಂದು ತಂತಿಯ ಜಾಡನ್ನೂ ಹಿಡಿದು ಹೊಸ ನಕ್ಷೆಯನ್ನು ತಾನೇ ಬರೆದುಕೊಳ್ಳುವುದು ಶೋಧಕನ ಮೊದಲ ಕೆಲಸ.

ಹಿಂದಿರುಗುವ ದಾರಿ

ಬ್ಯಾಟರಿಯ ಒಂದು ಧ್ರುವದಿಂದ ಹೊರಟ ಪ್ರವಾಹ ಇನ್ನೊಂದು ಧ್ರುವಕ್ಕೆ ಹಿಂದಿರುಗಲೇಬೇಕು. ಉಕ್ಕಿನ ಮೈಯುಳ್ಳ ಕಾರಿನಲ್ಲಿ ದೀಪಕ್ಕೆ ಒಂದೇ ತಂತಿ ಸಾಕು. ಹಿಂದಿರುಗುವ ದಾರಿ ಕಾರಿನ ಮೈಯೇ. ಇದನ್ನು 'ಭೂಸಂಪರ್ಕ' ಎಂದು ಕರೆಯುವುದು ವಾಡಿಕೆ, ನೆಲಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ. ಗಾಜುನಾರಿನ ಮೈ ಅವಾಹಕ. ಆದುದರಿಂದ ಅದರ ಮೇಲೆ ಕೂಡಿಸಿದ ದೀಪದಿಂದ ಉಕ್ಕಿನ ಚೌಕಟ್ಟಿಗೆ ಎರಡನೆಯ ತಂತಿಯನ್ನು ಎಳೆದು, ಬೋಲ್ಟಿನಿಂದ ಬಿಗಿದಿರುತ್ತಾರೆ. ವರ್ಷಗಳು ಕಳೆದಂತೆ ಆ ಬೋಲ್ಟಿನ ಅಡಿಯಲ್ಲಿ ತೇವ ಸೇರಿ, ಉಕ್ಕು ತುಕ್ಕು ಹಿಡಿದು, ತಾಮ್ರಕ್ಕೆ ಕಿಲುಬು ಏರುತ್ತದೆ. ಇವೆರಡೂ ಒಳ್ಳೆಯ ವಾಹಕಗಳಲ್ಲ. ಇಂಥ ಕಾರಿನಲ್ಲಿ ಮೊದಲು ಸಂಶಯಪಡಬೇಕಾದುದು ಈ ಹಿಂದಿರುಗುವ ದಾರಿಯನ್ನು.

ಕಿಲುಬು ಎಷ್ಟು ಹಾನಿ ಮಾಡೀತು? 1827ರಲ್ಲಿ ಜರ್ಮನಿಯ ಗೇಯೋರ್ಗ್ ಓಮನು ಪ್ರಕಟಿಸಿದ ನಿಯಮದಿಂದ ಲೆಕ್ಕ ಹಾಕೋಣ. 12 ವೋಲ್ಟಿನಲ್ಲಿ ಉರಿಯುವ 60 ವಾಟಿನ ದೀಪ 5 ಆಂಪೇರ್ ಪ್ರವಾಹವನ್ನು ತೆಗೆದುಕೊಳ್ಳುತ್ತದೆ. ಎಂದರೆ ಕಾದ ತಂತುವಿನ ರೋಧ 2.4 ಓಮ್. ಈಗ ಭೂಸಂಪರ್ಕದ ಸಂಧಿಯಲ್ಲಿ ಕೇವಲ 0.6 ಓಮ್ ರೋಧ ಸೇರಿತೆನ್ನೋಣ. ಒಟ್ಟು ರೋಧ 3 ಓಮ್ ಆಗುತ್ತದೆ. ಪ್ರವಾಹ 4 ಆಂಪೇರಿಗೆ ಇಳಿಯುತ್ತದೆ. ಸಂಧಿಯು 2.4 ವೋಲ್ಟನ್ನು ನುಂಗಿ ದೀಪಕ್ಕೆ 9.6 ವೋಲ್ಟನ್ನು ಮಾತ್ರ ಉಳಿಸುತ್ತದೆ. ತಂತು ತಣಿದಂತೆ ಅದರ ರೋಧವೂ ಸ್ವಲ್ಪ ಇಳಿಯುವುದರಿಂದ ಈ ಲೆಕ್ಕ ಸ್ಥೂಲವಾದುದು. ಆದರೆ ವಿಭವಾಂತರ ಇಷ್ಟು ಕುಗ್ಗಿದರೆ ದೀಪದ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ನಿಶ್ಚಯ. ಅಷ್ಟೇ ಅಲ್ಲ, ಆ ಸಂಧಿಯಲ್ಲಿ ಸುಮಾರು 10 ವಾಟಿನಷ್ಟು ಶಾಖ ಹುಟ್ಟುತ್ತಿರುತ್ತದೆ. ಸಣ್ಣ ಬೆಸುಗೆ ಕಡ್ಡಿಯ ಶಾಖಕ್ಕೆ ಸಮೀಪವಾದ ಈ ಬಿಸಿ, ಉರಿಯಬಲ್ಲ ರಾಳದ ಪಕ್ಕದಲ್ಲಿದೆ ಎಂಬುದನ್ನು ಮರೆಯಬಾರದು.

ವೋಲ್ಟ್‌ಮೀಟರು ಮೋಸಮಾಡುವ ಬಗೆ

ಇಲ್ಲಿ ಹೊಸಬರು ಎಡವುತ್ತಾರೆ. ಬಲ್ಬನ್ನು ಕಳಚಿ, ಅದರ ಗೂಡಿನ ಎರಡು ಕೊನೆಗಳಿಗೆ ವೋಲ್ಟ್‌ಮೀಟರನ್ನು ಮುಟ್ಟಿಸಿದರೆ ಮುಳ್ಳು 12 ವೋಲ್ಟನ್ನೇ ತೋರಿಸುತ್ತದೆ. 'ತಂತಿಗಳೆಲ್ಲ ಸರಿಯಾಗಿವೆ' ಎಂದು ಅವರು ತೀರ್ಮಾನಿಸುತ್ತಾರೆ. ಈ ತೀರ್ಮಾನ ತಪ್ಪು. ಈಗ ಬಳಕೆಯಲ್ಲಿರುವ ವೋಲ್ಟ್‌ಮೀಟರುಗಳ ರೋಧ ಸಾಮಾನ್ಯವಾಗಿ 10 ಮೆಗಓಮ್, ಎಂದರೆ ಒಂದು ಕೋಟಿ ಓಮ್. ಅದರ ಮುಂದೆ 0.6 ಓಮ್ ಹಾಗಿರಲಿ, ಸಾವಿರ ಓಮ್ ಕೂಡ ಲೆಕ್ಕಕ್ಕಿಲ್ಲ. ಪ್ರವಾಹವೇ ಇಲ್ಲದೆಡೆ ವಿಭವಪಾತವೂ ಇಲ್ಲ. ದುರ್ಬಲ ಸೇತುವೆಯು ಬರಿದಾಗಿರುವಾಗ ಗಟ್ಟಿಯಾಗಿಯೇ ಕಾಣುತ್ತದೆ; ಗಾಡಿ ಹರಿದಾಗಲೇ ಅದರ ಬಲಾಬಲ ತಿಳಿಯುವುದು.

ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಋಣಧ್ರುವ ಚೌಕಟ್ಟಿಗೆ ಸೇರಿದ ಕಾರಿನಲ್ಲಿ, ಮೀಟರಿನ ಒಂದು ಕೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ದೀಪದ ಭೂಸಂಪರ್ಕದ ಕೊನೆಗೂ ಮುಟ್ಟಿಸಿರಿ. ದಾರಿ ಚೆನ್ನಾಗಿದ್ದರೆ 0.2 ವೋಲ್ಟಿಗಿಂತ ಕಡಿಮೆ ಕಾಣಬೇಕು. ಮೇಲಿನ ಉದಾಹರಣೆಯಲ್ಲಿ 2.4 ವೋಲ್ಟು ಕಾಣುತ್ತದೆ. ಹೀಗೆಯೇ ಧನಧ್ರುವದಿಂದ ದೀಪದ ಇನ್ನೊಂದು ಕೊನೆಯವರೆಗೂ ಅಳೆದರೆ ದೋಷ ಹೋಗುವ ದಾರಿಯಲ್ಲಿದೆಯೋ ಬರುವ ದಾರಿಯಲ್ಲಿದೆಯೋ ಖಚಿತವಾಗುತ್ತದೆ. ಮುಂದೆ ದೋಷವಿರುವ ದಾರಿಯ ನಡುವಿನ ಸಂಧಿಯಲ್ಲಿ ಅಳೆದು, ಯಾವ ಅರ್ಧದಲ್ಲಿ ವಿಭವಪಾತವಿದೆಯೆಂದು ನೋಡಿ, ಆ ಅರ್ಧವನ್ನು ಮತ್ತೆ ಇಬ್ಭಾಗಿಸಿರಿ. 16 ಸಂಧಿಗಳಲ್ಲಿ ಕೆಟ್ಟಿರುವ ಒಂದನ್ನು ಹೀಗೆ 4 ಅಳತೆಗಳಲ್ಲಿ ಹಿಡಿಯಬಹುದು.

ವಿಚಿತ್ರವಾದ ದೀಪಗಳು

ಭೂಸಂಪರ್ಕ ಪೂರ್ಣವಾಗಿ ಕಡಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಎಡಕ್ಕೆ ತಿರುಗುವ ಸೂಚನೆಯ ಗುಂಡಿಯನ್ನು ಒತ್ತಿದರೆ ಸೂಚಕ ದೀಪ ಹತ್ತುವುದಿಲ್ಲ. ಪಕ್ಕದ ಚಿಕ್ಕದೀಪ ಮಂಕಾಗಿ ಬೆಳಗುತ್ತದೆ! ಕಾರಣ ಸರಳ. 21 ವಾಟಿನ ಸೂಚಕಕ್ಕೂ 5 ವಾಟಿನ ಚಿಕ್ಕದೀಪಕ್ಕೂ ಹಿಂದಿರುಗುವ ತಂತಿ ಒಂದೇ. ಅದು ಕಡಿದಾಗ ಸೂಚಕದ ಮೂಲಕ ಬಂದ ಪ್ರವಾಹವು ಚಿಕ್ಕದೀಪದೊಳಗೆ ಹಿಮ್ಮುಖವಾಗಿ ಹರಿದು, ಅದರ ತಂತಿಯನ್ನು ಹಿಡಿದು ಇತರ ಚಿಕ್ಕದೀಪಗಳನ್ನು ಸೇರಿ, ಅವುಗಳ ಭೂಸಂಪರ್ಕದಿಂದ ಬ್ಯಾಟರಿಗೆ ಮರಳುತ್ತದೆ. ಚಿಕ್ಕದೀಪದ ರೋಧ ಹೆಚ್ಚಾದುದರಿಂದ ವಿಭವಾಂತರದ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಒಂದು ಗುಂಡಿಗೆ ಬೇರೊಂದು ದೀಪ ಉತ್ತರಕೊಟ್ಟರೆ, ಅವೆರಡರ ಸಮಾನ ಭೂಸಂಪರ್ಕವನ್ನು ಪರೀಕ್ಷಿಸಬೇಕು.

ಫ್ಯೂಸು ಮತ್ತೆ ಮತ್ತೆ ಕರಗುತ್ತಿದ್ದರೆ ದೊಡ್ಡ ಫ್ಯೂಸನ್ನು ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಅದರ ಬದಲು ಫ್ಯೂಸಿನ ಸ್ಥಳದಲ್ಲಿ 21 ವಾಟಿನ ಬಲ್ಬೊಂದನ್ನು ಸೇರಿಸಿರಿ. ತಂತಿ ಎಲ್ಲಿಯೋ ಚೌಕಟ್ಟನ್ನು ನೇರವಾಗಿ ಮುಟ್ಟುತ್ತಿದ್ದರೂ ಪ್ರವಾಹ 1.75 ಆಂಪೇರನ್ನು ಮೀರದು. ಬಲ್ಬು ಪ್ರಕಾಶವಾಗಿ ಉರಿಯುತ್ತದೆ. ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಾಗ ಯಾವುದನ್ನು ಬಿಡಿಸಿದೊಡನೆ ಬಲ್ಬು ಆರುವುದೋ ಅದೇ ಅಪರಾಧಿ. ಕೆಲಸಕ್ಕೆ ಮೊದಲು ಕೈಯ ಉಂಗುರವನ್ನು ತೆಗೆದಿಡಬೇಕು. ತಂತಿಗಳನ್ನು ಬಿಚ್ಚುವಾಗ ಬ್ಯಾಟರಿಯ ಭೂಸಂಪರ್ಕವನ್ನು ಕಳಚಬೇಕು. ಕಾರಿನ ಬ್ಯಾಟರಿ ಕ್ಷಣಮಾತ್ರದಲ್ಲಿ ನೂರಾರು ಆಂಪೇರ್ ಹರಿಸಬಲ್ಲದು.

ಕಾರಿಲ್ಲದ ವಿದ್ಯಾರ್ಥಿಯೂ ಈ ಪಾಠವನ್ನು ಪ್ರಯೋಗಶಾಲೆಯಲ್ಲಿ ಕಲಿಯಬಹುದು. ಎರಡು ಟಾರ್ಚ್ ಶೆಲ್ಲುಗಳನ್ನೂ ಒಂದು ಟಾರ್ಚ್ ಬಲ್ಬನ್ನೂ ಜೋಡಿಸಿ, ಹಿಂದಿರುಗುವ ತಂತಿಯ ನಡುವೆ ಪೆನ್ಸಿಲಿನ ಸೀಸದ ತುಂಡೊಂದನ್ನು ಸೇರಿಸಿರಿ. ಬಲ್ಬನ್ನು ಕಳಚಿ ಗೂಡಿನ ವಿಭವಾಂತರವನ್ನು ಅಳೆಯಿರಿ. ಮತ್ತೆ ಬಲ್ಬನ್ನು ಸೇರಿಸಿ ಅಳೆಯಿರಿ. ಎರಡು ಅಂಕೆಗಳ ನಡುವಿನ ಅಂತರದಲ್ಲಿ, ಮಂಕಾದ ಮುಂದೀಪದ ರಹಸ್ಯವೆಲ್ಲ ಅಡಗಿದೆ.